ಕರಗಿಸ್ಲಾ ತಾಯಿ?

ಕಳೆದ ಸೋಮವಾರ ಒಂದು ಕಂಪ್ಯೂಟರು ನನ್ನನ್ನು ‘ತಾಯಿ’ ಎಂದು ಕರೆಯಿತು.

ನಗಬೇಡಿ. ಮೀಸೆ ಇದೆ, ಇಪ್ಪತ್ತು ವರ್ಷ ಮೇಷ್ಟರಾಗಿ ಗಂಟಲು ಹರಿದುಕೊಂಡದ್ದಿದೆ, ಮದುವೆಗೆ ಬಂದ ಮಗಳಿದ್ದಾಳೆ. ಆದರೂ ಕರೆಯಿತು. ಕರೆದದ್ದಷ್ಟೇ ಅಲ್ಲ, ನಾನು ಹೇಳಿದ ಕೆಲಸ ಮಾಡುವುದಿಲ್ಲ ಎಂದು ಹಠ ಹಿಡಿಯಿತು.

ಆಗಿದ್ದಿಷ್ಟು. ಮಗಳ ಮದುವೆ ಗೊತ್ತಾಗಿದೆ. ಗಂಡಿನವರು ನಾಗಮಂಗಲದವರು. (ನಿಮಗೂ ಕಾರ್ಡು ಬರುತ್ತದೆ, ಅವಸರ ಮಾಡಬೇಡಿ.) ಆಹ್ವಾನ ಪತ್ರಿಕೆಯನ್ನು ನಾನೇ ಕೈಯಾರೆ ಬರೆದು ಪಾಂಡವಪುರದ ಪ್ರೆಸ್ಸಿಗೆ ಕೊಟ್ಟಿದ್ದೆ. ಕರೆಯುವವರ ಸಾಲಿನಲ್ಲಿ ಮೊದಲ ಹೆಸರು ಕೆ.ಆರ್. ಪೇಟೆಯಲ್ಲಿರುವ ನನ್ನ ಅಣ್ಣನದು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಅವನ ಹೆಸರಿಲ್ಲದೆ ನಮ್ಮ ಮನೆಯ ಕಾರ್ಡು ಅಚ್ಚಾಗುವುದುಂಟೇ?

ಭಾನುವಾರ ನಿಶ್ಚಿತಾರ್ಥ. ತಾಂಬೂಲ ಬದಲಾಯಿಸುವ ಹೊತ್ತಿಗೆ ತಟ್ಟೆಗೆ ಅಡಿಕೆ ಇಡುವುದನ್ನು ಮರೆತಿದ್ದೆ. ಅಣ್ಣ ಬೀಗರೆದುರೇ ದನಿ ಎತ್ತಿದ.

“ಪೇಪರ್‌ನಾಗೆ ಊರಿಗೆಲ್ಲಾ ಬುದ್ಧಿ ಯೋಳ್ತಾನೆ ಇವ್ನು. ಮನೇಲಿ ಒಂದ್ ಕೆಲ್ಸಾನೂ ನೆಟ್ಗೆ ಮಾಡಾಕಿಲ್ಲ!”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕ ಗಂಡಿನ ಸೋದರಮಾವ ಪ್ರತಿ ವಾರ ಈ ಅಂಕಣ ಓದುತ್ತಾರಂತೆ.

ಅಷ್ಟು ದೊಡ್ಡ ಮಾತೇ ಅದು? ಈಗ ಕೇಳಿದರೆ ಅಲ್ಲ ಎನ್ನುತ್ತೇನೆ. ಆಗ ಮೈಯೆಲ್ಲ ಉರಿದುಹೋಯಿತು. ಸೋಮವಾರ ಕಾಫಿ ಕುಡಿಯುತ್ತಲೇ ತೀರ್ಮಾನ ಮಾಡಿದೆ. ಕಾರ್ಡಿನಲ್ಲಿ ಅಣ್ಣನ ಹೆಸರು ಬೇಡ!

“ಏನಾರ ಮಾಡ್ಕಳಿ. ನಾಳೀಕೆ ಜನ ಕೇಳುದ್ರೆ ನೀವೇ ಉತ್ರ ಯೋಳಿ,” ಎಂದು ನನ್ನ ಹೆಂಡತಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಸೀದಾ ಪ್ರೆಸ್ಸಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಪುಟ್ಟಸ್ವಾಮಾಚಾರ್ರು. ಐದು ವರ್ಷದ ಹಿಂದಿನವರೆಗೂ ಚಿನ್ನದ ಕೆಲಸ ಮಾಡುತ್ತಿದ್ದವರು. ಕಣ್ಣು ಮಂಜಾಗಿ ಬೆಸುಗೆ ಕಾಣದಂತಾದಾಗ ಈ ಕುರ್ಚಿಗೆ ಬಂದರು. ಒಂದು ಕೈಯಲ್ಲಿ ಡಾಸ್ ಪುಸ್ತಕ, ಇನ್ನೊಂದು ಕೈಯಲ್ಲಿ ಇಂಗ್ಲಿಷ್ ಡಿಕ್ಷನರಿ ಹಿಡಿದು ತಾವೇ ಕಲಿತರು.

(ಡಾಸ್ ನೋಡದವರಿಗೆ ಒಂದು ಮಾತು. ಕರಿ ಪರದೆ, ಬಿಳಿ ಅಕ್ಷರ, ಒಂದು ಗೆರೆ ಮಿಟುಕುತ್ತಾ ಕೂತಿರುತ್ತದೆ. ನೀವು ಕಮಾಂಡ್ ಟೈಪ್ ಮಾಡಬೇಕು, ಅದು ಮಾಡಬೇಕು. ಒಂದಕ್ಷರ ತಪ್ಪಿದರೆ ‘ಬ್ಯಾಡ್ ಕಮಾಂಡ್’ ಎಂದು ಬೈಯುತ್ತದೆ. ಶ್ರೀರಂಗಪಟ್ಟಣದಲ್ಲಿ ಮೂರು ತಿಂಗಳು ಕೋರ್ಸ್ ಮಾಡಿ ನಾನೂ ಸಾಕಷ್ಟು ಬೈಸಿಕೊಂಡಿದ್ದೇನೆ.)

ಆಚಾರ್ರ ಕಂಪ್ಯೂಟರು ಮಾತ್ರ ಬೇರೆ. ಆನ್ ಮಾಡಿದರೆ ಇಂಗ್ಲಿಷ್ ಅಕ್ಷರದಲ್ಲಿ ‘ಹೇಳಪ್ಪ’ ಎಂದು ಬರುತ್ತದೆ. ಪ್ರಿಂಟ್ ತೆಗೆಯಲು ‘ಹೊಡಿ’ ಎಂದು ಟೈಪ್ ಮಾಡಿದರೆ ಸಾಕು. ಫ್ಲಾಪಿಗೆ ಕಾಪಿ ಮಾಡಲು ‘ಎತ್ತಿಡು’. ಇದನ್ನೆಲ್ಲ ಯಾಕೆ ಮಾಡಿದಿರಿ ಎಂದು ಹಿಂದೊಮ್ಮೆ ಕೇಳಿದ್ದೆ. “ನಮ್ ತಾವ ಕೆಲ್ಸ ಮಾಡಾದಾದ್ರೆ ಅದು ನಮ್ ಮಾತ ಕಲೀಬೇಡ್ವಾ ಮೇಷ್ಟ್ರೇ?” ಎಂದಿದ್ದರು.

“ಆಚಾರ್ರೇ, ನಮ್ಮಣ್ಣನ ಹೆಸರು ಬಿಟ್ಟು ಕಾರ್ಡು ಹೊಸದಾಗಿ ಕಂಪೋಸ್ ಮಾಡಿ. ಹಳೇದನ್ನ ಈಗಲೇ ಅಳಿಸಿಬಿಡಿ. ಮರೆತು ಅದನ್ನೇ ಅಚ್ಚು ಹಾಕಿಬಿಟ್ಟೀರಿ.”

ಅವರು ನನ್ನ ಮುಖ ನೋಡಿದರು. ಕುರ್ಚಿ ಬಿಟ್ಟು ಎದ್ದರು.

“ನೀವೇ ಅಳ್ಸಿ. ಕೋರ್ಸ್ ಮಾಡಿದ್ದೀರಲ್ಲ.”

ಕೂತೆ. ಅಳಿಸುವ ಕಮಾಂಡ್ ‘ಡೆಲ್’ ಹೊಡೆದು, ಮುಂದೆ ಫೈಲಿನ ಹೆಸರು ಕೊಟ್ಟು, ಎಂಟರ್ ಒತ್ತಿದೆ. ಫೈಲು ಅಳಿಯಲಿಲ್ಲ. ಪರದೆ ಮೇಲೆ ಒಂದು ಸಾಲು ಬಂತು.

‘ಕರಗಿಸ್ಲಾ ತಾಯಿ?’

ಇನ್ನೊಮ್ಮೆ ಹೊಡೆದೆ. ಅದೇ ಪ್ರಶ್ನೆ. ‘ಯೆಸ್’ ಎಂದು ಟೈಪ್ ಮಾಡಿದೆ. ಬ್ಯಾಡ್ ಕಮಾಂಡ್! ಅಣ್ಣನ ಮೇಲಿದ್ದ ಸಿಟ್ಟೆಲ್ಲ ಕೀಬೋರ್ಡಿನ ಮೇಲೆ ತಿರುಗಿತು.

“ಏನ್ರೀ ಇದು?”

“ಡಾಸ್‌ಕೀ ಅಂತ ಒಂದ್ ಪ್ರೋಗ್ರಾಂ ಅದೆ. ಡೆಲ್ ಅಂದ್ರೆ ಅಳ್ಸ್‌ಬ್ಯಾಡ, ಈ ಮಾತ ಕೇಳು ಅಂತ ಅದ್ರಾಗೆ ಯೋಳ್ಕೊಟ್ಟಿವ್ನಿ.” ಆಚಾರ್ರು ಪಕ್ಕದ ಸ್ಟೂಲ್ ಎಳೆದುಕೊಂಡರು. “ಅಳೇ ಒಡವೆ ತಂದ್ಕೊಟ್ರೆ ಕುಲುಮೇಗೆ ಆಕೋಕ್ ಮುಂಚೆ ‘ಕರಗಿಸ್ಲಾ ತಾಯಿ’ ಅಂತ ಒಂದ್ ಮಾತ ಕೇಳ್ಬೇಕು, ಅದು ನಮ್ ಕಸುಬಿನ ಪದ್ಧತಿ. ಒಂದ್ಸಲ ಅರ್ಜೆಂಟ್‌ನಾಗೆ ಕೇಳ್ದೆ ಕರಗಿಸ್ಬುಟ್ಟೆ. ಆಯಮ್ಮ ಓಡ್ಕಂಡ್ ಬಂದ್ಲು, ‘ಬ್ಯಾಡ ಆಚಾರ್ರೇ, ನಮ್ಮವ್ವನ ವಾಲೆ ಅದು’ ಅಂತ. ತೂಕ ಸರ್ಯಾಗೇ ಕೊಟ್ಟೆ ಮೇಷ್ಟ್ರೇ. ವಾಲೆ ಕೊಡಾಕಾಯ್ತದಾ?”

ಬಿಗುಮಾನ ಬಿಡಬೇಕಲ್ಲ, “ಹಾಗಾದರೆ ಅಳಿಸುವುದು ಹೇಗೆ?” ಎಂದೆ.

“ಮೊದ್ಲು ಒಂದ್ ಸ್ಪೇಸ್ ಒತ್ತಿ, ಆಮ್ಯಾಕೆ ಡೆಲ್ ಒಡೀರಿ. ಕೇಳ್ದೇನೆ ಅಳುಸ್ತದೆ. ನಾನ್ ಟೀ ಕುಡ್ಕಂಡ್ ಬತ್ತೀನಿ.” ಹೋಗಿಯೇಬಿಟ್ಟರು.

ಸ್ಪೇಸ್ ಒತ್ತಿದೆ. ಗೆರೆ ಒಂದು ಹೆಜ್ಜೆ ಮುಂದೆ ಹೋಗಿ ಅಲ್ಲಿ ಮಿಟುಕತೊಡಗಿತು. ನನ್ನ ಮೊದಲ ಬರಹ ಅಚ್ಚಾದ ದಿನ ನೆನಪಾಯಿತು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿದ್ದ ಪೇಪರುಗಳನ್ನೆಲ್ಲ ಕೊಂಡು, ಬಸ್ಸಿನಲ್ಲಿ ಕೂತವರ ಕೈಗೆ ತುರುಕಿ, “ನನ್ ತಮ್ಮ ಬರ್ದಿರಾದು, ಓದಿ” ಎಂದವನು ಇದೇ ಅಣ್ಣ. ನನಗೆ ನಾಚಿಕೆಯಾಯಿತು. ಬೆರಳು ಮುಂದಕ್ಕೆ ಹೋಗಲಿಲ್ಲ.

ಆಚಾರ್ರು ಬಂದರು. “ಅಳ್ಸುದ್ರಾ?”

“ಇಲ್ಲ. ಇದ್ದದ್ದು ಇದ್ದ ಹಾಗೇ ಒಂದು ಪ್ರೂಫ್ ಹೊಡಿ ಅನ್ನಿ ಅದಕ್ಕೆ.”

ಪ್ರೂಫ್ ಮಡಿಸಿ ಜೇಬಿಗಿಟ್ಟು ಅಲ್ಲಿಂದಲೇ ಕೆ.ಆರ್. ಪೇಟೆ ಬಸ್ ಹತ್ತಿದೆ. ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತಾ ಹೋಯಿತು ಬಸ್ಸು. ಅಣ್ಣನಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಒಳ್ಳೊಳ್ಳೆ ವಾಕ್ಯ ಜೋಡಿಸಿದೆ. (ಬರೆಯುವವರ ರೋಗ ಇದು.)

ಅಣ್ಣ ಹಸು ತೊಳೆಯುತ್ತಿದ್ದ. “ಏನ್ಲಾ, ಇಸ್ಕೂಲಿಲ್ವಾ ಇವತ್ತು?” ಎಂದ, ಹಿಂದಿನ ದಿನ ಏನೂ ನಡೆದೇ ಇಲ್ಲವೆಂಬಂತೆ. ಟವಲಿನಲ್ಲಿ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಕಾರ್ಡು ಹಿಡಿದ. ಬೆರಳಿಟ್ಟು ಓದುತ್ತಾ ಹೋದ. ತನ್ನ ಹೆಸರಿನ ಹತ್ತಿರ ಬೆರಳು ಒಂದು ಕ್ಷಣ ನಿಂತಿತು. ಈಗ ಏನಾದರೂ ಹೇಳುತ್ತಾನೆ ಎಂದು ಕಾದೆ. ಬೆರಳು ಮತ್ತೆ ಮೇಲಕ್ಕೆ, ಮಗಳ ಹೆಸರಿದ್ದ ಸಾಲಿಗೆ ಹೋಯಿತು.

“ಅವ್ವ ಎಲ್ಲಿ?”

ಏನು ಕೇಳುತ್ತಿದ್ದಾನೆ ಎಂದು ನನಗೆ ತಿಳಿಯಲಿಲ್ಲ.

“ಅಪ್ಪನ ಎಸ್ರು ಆಕಿದ್ದೀಯ, ಇಂತೋರ ಮೊಮ್ಮಗಳು ಅಂತ. ಅವ್ವನ ಎಸ್ರು ಎಲ್ಲಿ ಕಣ್ಲಾ?”

ಕಾರ್ಡು ಇಸಿದುಕೊಂಡು ನೋಡಿದೆ. ಇರಲಿಲ್ಲ. ಆಚಾರ್ರು ಬಿಟ್ಟಿದ್ದಲ್ಲ, ಕಂಪ್ಯೂಟರು ಅಳಿಸಿದ್ದಲ್ಲ. ನಾನು ಕೈಯಾರೆ ಬರೆದುಕೊಟ್ಟ ಹಾಳೆಯಲ್ಲೇ ಇರಲಿಲ್ಲ. ಈ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ದ ಅವ್ವ, ಹೋಗಿ ಮೂರು ವರ್ಷವಾಗಿಲ್ಲ. ಒಂದು ಕೆಲಸವನ್ನೂ ನೆಟ್ಟಗೆ ಮಾಡುವುದಿಲ್ಲ ಎಂದು ಅಣ್ಣ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಜೇಬಿನ ಪೆನ್ನನ್ನು ತಾನೇ ತೆಗೆದು ನನ್ನ ಕೈಗಿಟ್ಟು, “ಬರಿ” ಎಂದ.

ಬರೆದೆ. ಮಂಗಳವಾರ ಆಚಾರ್ರು ಅದನ್ನು ಸೇರಿಸಿದರು. ಕಾರ್ಡು ಅಚ್ಚಾಗಿದೆ.

ಅಳಿಸುವ ಮೊದಲು ತಡೆದು ಕೇಳಲು ಆಚಾರ್ರು ಕಮಾಂಡ್ ಬರೆದಿದ್ದಾರೆ, ಮರೆಯುವ ಮೊದಲು ಕೇಳಲು ಯಾರು ಬರೆಯುತ್ತಾರೆ?