ತೊಂಬತ್ತೇಳರ ಮಗ್ಗುಲಿಗೆ ನೂರಾ ಮೂರು

"ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂದು ಭಾರೀ ಮೊಂಡು ಸಂಖ್ಯೆ ಅಕ್ಕಾ. ಎರಡರ ಸಾಲಲ್ಲಿ ನಿಲ್ಲಿಸು, ಒಂದು ಉಳಿಯುತ್ತೆ. ಮೂರರ ಸಾಲಲ್ಲೂ ಒಂದು ಉಳಿಯುತ್ತೆ. ಐದು, ಏಳು, ಹನ್ನೊಂದು, ಹದಿಮೂರು, ಯಾರ ಮಾತಿಗೂ ಬಗ್ಗಲ್ಲ. ತೊಂಬತ್ತೇಳು ಬಂದು ಕರೆದ್ರೆ ಮಾತ್ರ ಎದ್ದು ಬಂದು ನೂರಾ ಮೂರು ಸಾಲಾಗಿ ನಿಲ್ಲುತ್ತೆ, ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಇದನ್ನ ನನಗೆ ಯಾರೂ ಹೇಳಿಕೊಡಲಿಲ್ಲ. ಮಂಡಿ ಊರಿ ಊರಿ ಕಲಿತೆ."

ಇದು ನನ್ನ ತಂಗಿಯ ಮಾತು. ನೆಲಕ್ಕೆ ಟೈಲ್ಸ್ ಹಾಕುವುದು ಅವಳ ಕಸುಬು. ಕೂದಲೆಳೆಯಷ್ಟು ಏರುಪೇರಾದರೂ ಕಿತ್ತು ಮತ್ತೆ ಹಾಕುವವಳು. ಅದಕ್ಕೇ ಜೊತೆಯ ಕೆಲಸಗಾರರು ನೆಲದ ಮಟ್ಟ ನೋಡುವ ಸಾಧನದ ಹೆಸರನ್ನೇ ತೆಗೆದು ಅವಳಿಗೆ 'ರಸಮಟ್ಟ' ಎಂದು ಹೆಸರಿಟ್ಟಿದ್ದರು.

ಹೊಸ ಗ್ರಂಥಾಲಯದ ಹಜಾರಕ್ಕೆ ಅಡಿ ಉದ್ದ, ಅಡಿ ಅಗಲದ ಹತ್ತು ಸಾವಿರ ಟೈಲ್ಸ್ ಬಂದಿದ್ದವು. ಒಂದೂ ಒಡೆಯದಂತೆ ಇಪ್ಪತ್ತು ದಿನ ದುಡಿದು ಮುಗಿಸಿದಾಗ ಒಂಬತ್ತು ಉಳಿದವು. ನಾನು ಊಟದ ಡಬ್ಬಿ ಕೊಡಲು ಹೋದಾಗ ಮೇಲ್ವಿಚಾರಕರು ಗೋಡೆಗಳ ಸುತ್ತ ಟೇಪು ಹಿಡಿದು ಅಳೆದು, ಮುಖ ಊದಿಸಿಕೊಂಡು ನಿಂತಿದ್ದರು.

"ಸುತ್ತ ನಾನೂರು ಅಡಿ. ಅಂದ್ರೆ ಒಂದೊಂದು ಮಗ್ಗುಲು ನೂರು. ಹತ್ತು ಸಾವಿರ ಬೇಕೇ ಬೇಕು. ಒಂಬತ್ತು ಹೇಗಮ್ಮಾ ಉಳೀತು? ಸಂದು ಅಗಲ ಬಿಟ್ಟಿದ್ದೀಯ. ಅಷ್ಟೂ ಕಿತ್ತು ಮತ್ತೆ ಹಾಕು."

ಜೊತೆಯವರ ಮುಖ ಕಪ್ಪಿಟ್ಟಿತು. ತಂಗಿ ದನಿ ಏರಿಸಲಿಲ್ಲ. ಉಳಿದ ಒಂಬತ್ತನ್ನು ತಂದು ಮೂರು ಸಾಲು, ಸಾಲಿಗೆ ಮೂರರಂತೆ ಜೋಡಿಸಿದಳು.

"ಸುತ್ತ ಎಷ್ಟು ಸಾರ್?"

"ಹನ್ನೆರಡು ಅಡಿ."

ಅವನ್ನೇ ಎರಡು ಸಾಲು ಮಾಡಿ, ಸಾಲಿಗೆ ನಾಲ್ಕರಂತೆ ಇಟ್ಟಳು. "ಈಗ?"

ಅವರು ಬೆರಳು ಮಡಿಸಿದರು. "ಅದೂ... ಹನ್ನೆರಡೇ."

"ಸಂದೇ ಬಿಟ್ಟಿಲ್ಲ, ಆದ್ರೂ ನನ್ನ ಕೈಲಿ ಒಂದು ಉಳೀತು ನೋಡಿ!"

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಇಲ್ಲಿ ಒಂದು ಕಡೆ ಮೂರಕ್ಕೆ ಒಂದು ಕಮ್ಮಿ, ಇನ್ನೊಂದು ಕಡೆ ಮೂರಕ್ಕೆ ಒಂದು ಜಾಸ್ತಿ. ಉಳಿದಿದ್ದು ಒಂದೊಂದ್ಲೆ ಒಂದು. ಹಜಾರದಲ್ಲಿ ನೂರಕ್ಕೆ ಮೂರು ಕಮ್ಮಿ, ನೂರಕ್ಕೆ ಮೂರು ಜಾಸ್ತಿ. ಮೂರ್ಮೂರ್ಲೆ ಒಂಬತ್ತು. ಹೋಗಿ ಎಣಿಸಿ ಸಾರ್."

ಅವರು ಹೋಗಿ ಬಗ್ಗಿ ಬಗ್ಗಿ ಎಣಿಸಿದರು. ಅಡ್ಡಕ್ಕೆ ತೊಂಬತ್ತೇಳು, ಉದ್ದಕ್ಕೆ ನೂರಾ ಮೂರು. ಬೆವರು ಒರೆಸಿಕೊಳ್ಳುತ್ತ ಬಂದು, "ಕೀಳೋದು ಬೇಡ. ನನಗಿದು ಹೊಳೀಲೇ ಇಲ್ಲಮ್ಮಾ" ಎಂದರು.

"ಹೋಗ್ಲಿ ಬಿಡಿ ಸಾರ್. ಬೂಟು ಹಾಕ್ಕೊಂಡೇ ಎಣಿಸಿದ್ದೀರಲ್ಲ, ನೆಲ ನೋಡಿ ಹೇಗಾಯ್ತು!"

ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿ, ದಿನವೂ ಸಂಜೆ ಮಾಡುವಂತೆ ಮೂಲೆಯಿಂದ ಹಿಂದೆ ಹಿಂದೆ ಸರಿಯುತ್ತ ಅವಳು ನೆಲ ಒರೆಸತೊಡಗಿದಳು.