ಹಲ್ಲಜ್ಜನ ಗ್ಯಾರಂಟಿ

ಬೀದಿಯವರೆಲ್ಲ ಅವನನ್ನು ಹಲ್ಲಜ್ಜ ಎನ್ನುತ್ತಿದ್ದರು. ಬಾಯಲ್ಲಿ ಸ್ವಂತದ್ದೆನ್ನುವ ಹಲ್ಲು ಒಂದೂ ಇಲ್ಲದವನಿಗೆ ಈ ಹೆಸರು ಬಂದದ್ದು ಕಸುಬಿನಿಂದ. ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುವರು. ಇವನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಹೊಳಪು ಬರುವವರೆಗೆ ಉಜ್ಜಿ ಸೆಟ್ಟು ಕಟ್ಟುವನು. ಊರಿನ ಮುಕ್ಕಾಲು ಪಾಲು ಮುದುಕರು ನಗುತ್ತಿದ್ದದ್ದು ಇವನ ಹಲ್ಲು ತೋರಿಸಿಯೇ. ಯಾರ ಮದುವೆ ಊಟಕ್ಕೆ ಹೋದರೂ ಇವನ ಕಣ್ಣು ತಟ್ಟೆಯ ಮೇಲಲ್ಲ, ಎದುರಿನವರ ಬಾಯಿಯ ಮೇಲೆ. ಸಾವಿನ ಮನೆಯಲ್ಲೂ ಅಷ್ಟೇ. ಹೋದವರಿಗಿಂತ, ಅವರ ಜೊತೆ ಹೊರಟ ಒಳ್ಳೆಯ ಸೆಟ್ಟಿನ ಬಗ್ಗೆಯೇ ಹೆಚ್ಚು ಮರುಕ.

ಅವನ ಸ್ವಂತ ಹಲ್ಲಿನ ಕಥೆಯೂ ಸಣ್ಣದಲ್ಲ. ನಡುವಯಸ್ಸಿನಲ್ಲಿ ಒಸಡಿನಿಂದ ರಕ್ತ ಬರತೊಡಗಿ ಎರಡು ಹಲ್ಲು ಅಲ್ಲಾಡಿದವು. ಕಟ್ಟಿಕೊಂಡ ಪಾಚಿ ತೆಗೆಸು, ರಾತ್ರಿಯೂ ಉಜ್ಜು, ಉಳಿದವು ಗಟ್ಟಿಯಾಗಿವೆ ಎಂದು ಡಾಕ್ಟರು ಹೇಳಿದರು. ನಮ್ಮ ಮಹಾನುಭಾವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅಷ್ಟನ್ನೂ ಕೀಳಿಸಿ, ತನ್ನ ಕೈಯಾರೆ ಒಂದು ಸೆಟ್ಟು ಕಟ್ಟಿ ಹಾಕಿಕೊಂಡ. ಬಂದವರ ಮುಂದೆಲ್ಲ ಅದನ್ನು ತೆಗೆದು ಅಂಗೈ ಮೇಲಿಟ್ಟು ಜಂಬ ಕೊಚ್ಚುವನು. ನೋವಿಲ್ಲ, ಹುಳುಕಿಲ್ಲ, ರಾತ್ರಿ ಬಟ್ಟಲಿಗೆ ಹಾಕಿದರೆ ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ಕಡಲೆಬೀಜ ಅಗಿದು ಎಷ್ಟು ವರ್ಷವಾಯಿತೆಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಮೇಲಿನ ಮನೆಯಲ್ಲಿ ಮಗಳ ಸಂಸಾರ. ಅವಳು ಕೆಲಸದಿಂದ ಬರುವತನಕ ಮೊಮ್ಮಗಳು ಅಜ್ಜನ ಕೋಣೆಯಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಸಿಹಿ ಕೊಡಬೇಡ, ಅವಳ ಕೈ ಹಿಂದಿನ ಹಲ್ಲಿಗೆ ಎಟಕುವುದಿಲ್ಲ, ನೀನೇ ನಿಂತು ಉಜ್ಜಿಸು ಎಂದು ಮಗಳು ದಿನವೂ ಹೇಳುವಳು. ಅಪ್ಪ ದಿನವೂ ತಲೆಯಾಡಿಸುವನು. ಅವಳ ಚಪ್ಪಲಿಯ ಸದ್ದು ಬೀದಿ ತಿರುವಿನಲ್ಲಿ ಮರೆಯಾದದ್ದೇ ತಡ, ಟಾಫಿ ಡಬ್ಬಿ ಹೊರಗೆ ಬರುವುದು.

"ಬಿದ್ರೆ ಬೀಳ್ಲಿ ಬಿಡು, ನಾನಿಲ್ವಾ? ನಿಮ್ಮಮ್ಮನ ಹಲ್ಲಿಗಿಂತ ಚೆನ್ನಾಗಿರೋದು ಕಟ್ಕೊಡ್ತೀನಿ," ಎನ್ನುವನು. ಹುಡುಗಿ ಅಜ್ಜನ ಈ ಗ್ಯಾರಂಟಿಯನ್ನು ಶಾಲೆಯಲ್ಲೆಲ್ಲ ಸಾರಿ ಬಂದಿದ್ದಳು.

ಎಂಟು ತುಂಬುವ ಹೊತ್ತಿಗೆ ಅವಳ ಕೆಳದವಡೆಯಲ್ಲಿ, ತೀರ ಹಿಂದಿನ ಹಲ್ಲಿನ ಮೇಲೆ ಕಪ್ಪು ಚುಕ್ಕೆ ಕಂಡಿತು. ಮಗಳು ಡಾಕ್ಟರ ಹತ್ತಿರ ಹೊರಟಳು. ಹಲ್ಲಜ್ಜ ತಡೆದ. ಕನ್ನಡಕ ಏರಿಸಿ, ಟಾರ್ಚ್ ಬಿಟ್ಟು ನೋಡಿ, ದೊಡ್ಡ ಪಂಡಿತನಂತೆ ತೀರ್ಪು ಕೊಟ್ಟ.

"ಹಾಲು ಹಲ್ಲು ಕಣೇ. ನಾಳೆ ತಾನಾಗೇ ಬೀಳೋದಕ್ಕೆ ಇವತ್ತು ಯಾಕೆ ಡಾಕ್ಟರು?"

ಜೀವಮಾನವೆಲ್ಲ ಹಲ್ಲು ಹಿಡಿದವನ ಮಾತು. ಮಗಳು ನಂಬಿದಳು. ಅವನ ಮೇಜಿನ ಮೇಲೆ ಬಂದ ಅಚ್ಚುಗಳೆಲ್ಲ ಮುದುಕರವು, ಒಂದು ಮಗುವಿನ ಬಾಯಿಯೂ ಅಲ್ಲಿಗೆ ಬಂದಿರಲಿಲ್ಲ ಎಂಬುದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಕೆಲವು ತಿಂಗಳಲ್ಲಿ ಕೆನ್ನೆ ಊದಿತು. ಮಗು ನೀರು ಕುಡಿಯಲೂ ಅಳತೊಡಗಿತು. ಕೊನೆಗೆ ಡಾಕ್ಟರ ಹತ್ತಿರ ಕರೆದೊಯ್ದರು. ಅದು ಹಾಲು ಹಲ್ಲಲ್ಲವಂತೆ. ಆರನೇ ವಯಸ್ಸಿನ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಹಾಲು ಹಲ್ಲುಗಳ ಹಿಂದೆ ತಣ್ಣಗೆ ಬಂದು ಕೂರುವ ಶಾಶ್ವತ ಹಲ್ಲಂತೆ. ಚುಕ್ಕೆಯಿದ್ದಾಗ ಬಂದಿದ್ದರೆ ತುಂಬಿ ಉಳಿಸಬಹುದಿತ್ತು, ಈಗ ಬೇರಿನವರೆಗೂ ಕೊಳೆತಿದೆ, ಕೀಳಲೇಬೇಕು. ಅಂಥವು ಇನ್ನೂ ಮೂರು ಇವೆ, ಅವನ್ನಾದರೂ ನೋಡಿಕೊಳ್ಳಿ ಎಂದರು.

ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ವಾದಕ್ಕೆ ಹಲ್ಲಜ್ಜ ಯಾವತ್ತೂ ತಯಾರು.

"ನಿನ್ನ ಮಾತು ನಂಬಿದ್ನಲ್ಲಪ್ಪ," ಎಂದಳು, ಅಷ್ಟೇ.

ಹೆದರದೆ ಇದ್ದವಳು ಹುಡುಗಿಯೊಬ್ಬಳೇ. ಕುರ್ಚಿಯ ಮೇಲೆ ಮಹಾರಾಣಿಯಂತೆ ಕೂತು ಹಲ್ಲು ಕೀಳಿಸಿಕೊಂಡಳು. ಹತ್ತಿ ಕಚ್ಚಿಕೊಂಡೇ ನೆಟ್ಟಗೆ ಅಜ್ಜನ ಕೋಣೆಗೆ ಬಂದು, ಸೆಟ್ಟಿಗೆ ಜೋಡಿಸುವ ಹಲ್ಲಿನ ಪೆಟ್ಟಿಗೆ ಕೆದಕಿ, ಎಲ್ಲಕ್ಕಿಂತ ಬೆಳ್ಳಗಿದ್ದ ಒಂದನ್ನು ಆರಿಸಿ ಅವನ ಕೈಗಿಟ್ಟಳು.

ಅವನು ಆ ಹಲ್ಲನ್ನು ಪೆಟ್ಟಿಗೆಗೆ ವಾಪಸು ಹಾಕಿದ. ಊರಿಗೆಲ್ಲ ಕಟ್ಟಿಕೊಟ್ಟವನು ಇವಳೊಬ್ಬಳಿಗೆ ಕಟ್ಟುವ ಹಾಗಿರಲಿಲ್ಲ. ಬೆಳೆಯುವ ದವಡೆ, ಇವತ್ತು ಕೂರಿಸಿದ್ದು ನಾಳೆ ಅಳತೆ ತಪ್ಪುತ್ತದೆ. ನೀನು ಪೂರ್ತಿ ದೊಡ್ಡವಳಾಗುವವರೆಗೆ ಅಲ್ಲಿ ಗಟ್ಟಿಯಾದದ್ದು ಏನನ್ನೂ ಕಟ್ಟಲಾಗದು ಎಂದು ಹೇಗೋ ಹೇಳಿ ಮುಗಿಸಿದ.

ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಷ್ಟೊತ್ತಿಗೆ ನೀನು ಇರ್ತೀಯಾ ಅಜ್ಜ?"

ಹಲ್ಲಜ್ಜನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಈ ಪುಟ್ಟ ಬಾಯಿ ತಾನು ಹೋದ ಮೇಲೂ ಎಷ್ಟೋ ವರ್ಷ ಅಗಿಯುತ್ತಿರಬೇಕು ಎಂಬುದು ಮೊದಲ ಸಲ ಹೊಳೆಯಿತು.

ರಾತ್ರಿ ಮಲಗುವ ಮುಂಚೆ ಮೆಟ್ಟಿಲು ಹತ್ತಿ ಹೋಗಿ ಮಗಳ ಹತ್ತಿರ ಹುಡುಗಿಯ ಬ್ರಷ್ ಕೇಳಿದ. ಅವಳು ಮುಖ ನೋಡದೆ ಕೊಟ್ಟಳು. ಬಚ್ಚಲಿನ ದೀಪದ ಕೆಳಗೆ ಮೊಮ್ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಗಲ್ಲ ಹಿಡಿದ.

"ದೊಡ್ಡದಾಗಿ ಬಾಯಿ ತೆಗಿ," ಎಂದ. "ಉಳಿದಿರೋ ಮೂರು ಎಲ್ಲಿವೆ ತೋರ್ಸು."