ಖಾಲಿ ಸೀಟಿಗೆ ಬೆಲ್ಟ್

ಕಮಲಾಪುರದಲ್ಲಿ ಅತ್ತೆಯ ಸಮಾಧಿಗೆ ಎಡೆ ಕೊಟ್ಟು ಕಲಬುರಗಿಗೆ ಹೊರಟಾಗ ಹೊಸ ಕಾರು ಕೂಗತೊಡಗಿತು. ಮುಂದೆ, ಯಜಮಾನರ ಪಕ್ಕದಲ್ಲಿ ಕುಳಿತವರು ಬೆಲ್ಟ್ ಹಾಕಿಲ್ಲವಂತೆ. ಆ ಸೀಟು ಖಾಲಿಯಿತ್ತು. ಅತ್ತೆಯ ಮೊಣಕಾಲು ನೋವಿಗೆಂದೇ ನಮ್ಮ ಕೈಗೆಟಕುವ ಈ ಕೊರಿಯಾ ಕಾರು ಬುಕ್ ಮಾಡಿದ್ದೆವು. ಅದು ಬರುವ ಮೊದಲೇ ಅವರು ಹೋದರು. ಅವರ ಸೀಟೆಂದು ನಾನು ಹಿಂದೆಯೇ ಕೂರುತ್ತಿದ್ದೆ.

“ಬೆಲ್ಟ್ ಹಾಕ್ರೀ,” ಎಂದೆ.

“ಯಾರಿಗೆ?” ಎಂದ ಯಜಮಾನರು ಸ್ವಲ್ಪ ದೂರ ಹೋಗಿ ಕಾರು ನಿಲ್ಲಿಸಿದರು. ಖಾಲಿ ಸೀಟಿಗೆ ಬೆಲ್ಟ್ ಬಿಗಿದು, “ಆರಾಮ ಕುಂದ್ರು, ಯವ್ವಾ,” ಎಂದರು. ಸದ್ದು ನಿಂತಿತು. ಶಹಾಬಜಾರದಲ್ಲಿ, ಮನೆಯ ಮುಂದೆ, ಎಂಜಿನ್ ಚಾಲೂ ಇರುವಾಗಲೇ ಆ ಬೆಲ್ಟ್ ಬಿಚ್ಚಿದರೂ ಕಾರು ಕೂಗಲಿಲ್ಲ.

ಶೋರೂಮಿನವರು ನೋಡಿ, ಏನೂ ಕೆಟ್ಟಿಲ್ಲ ಎಂದರು. ಶಿವನ ದಯೆ, ಅತ್ತೆಗೆ ಒಂದು ಸವಾರಿಯಾದರೂ ಸಿಕ್ಕಿತು. ಈಗ ಮುಂದೆ ನಾನೇ ಕೂರುತ್ತೇನೆ. ಕೂರುವ ಮೊದಲು ಮೆಲ್ಲಗೆ ಕೇಳುತ್ತೇನೆ: “ಅತ್ತಿ, ಕುಂದ್ರಲೇನ್ರೀ?”